ಅಮೆರಿಕದ ಯೂನಿವರ್ಸಿಟಿಗಳಲ್ಲಿ ಆಟಗಾರರ ದುಡ್ಡು: ಯಾವ ಟೀಮಿಗೆ ಎಷ್ಟು ಪಾಲು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ 2025ರ ಜುಲೈ 1ರಿಂದ ಒಂದು ದೊಡ್ಡ ಬದಲಾವಣೆ ಆಗಿದೆ. ಯೂನಿವರ್ಸಿಟಿಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಲ್ಲಿ ಈಜು, ಟೆನಿಸ್, ಓಟ ಅಂತ ಬೆಳಗಿನ ಜಾವ ಎದ್ದು ಓಡುವವರು ಸಾಕಷ್ಟು ಜನ ಇದ್ದಾರೆ. ಇಲ್ಲಿಂದ ಸ್ಕಾಲರ್‌ಶಿಪ್ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಇಂಥ ಮನೆಗಳಲ್ಲಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಮೊದಲು ಹೇಳಿ, ಈ ದುಡ್ಡು ಎಲ್ಲಿಂದ ಬಂತು? ಕಾಲೇಜು ಆಟಗಾರರಿಗೆ ಸಂಬಳ ಕೊಡಬಾರದು ಅಂತ ನಿಯಮ ಇತ್ತಲ್ವಾ?

ಇತ್ತು. ದಶಕಗಟ್ಟಲೆ ಇತ್ತು. ಟಿವಿ ಹಕ್ಕು, ಟಿಕೆಟ್, ಜಾಹೀರಾತು ಅಂತ ಕೋಟಿಗಟ್ಟಲೆ ಡಾಲರ್ ಬರುತ್ತಿತ್ತು. ಕೋಚ್‌ಗಳು ಶ್ರೀಮಂತರಾದರು. ಆಡುವ ಹುಡುಗರಿಗೆ ಮಾತ್ರ ಫೀಸು, ಊಟ, ಹಾಸ್ಟೆಲ್.

ಆ ಗೋಡೆ ಒಂದೇ ಸಲಕ್ಕೆ ಬೀಳಲಿಲ್ಲ. 2021ರಲ್ಲಿ ಆಲ್ಸ್‌ಟನ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 9–0 ಅಂತರದಲ್ಲಿ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಎನ್‌ಸಿಎಎ ಅಂದರೆ ಅಲ್ಲಿನ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಫೋಟೋ ಬಳಸಲು ಬಿಟ್ಟು ಹೊರಗಿನ ಕಂಪನಿಗಳಿಂದ ಹಣ ಪಡೆಯಬಹುದು ಅಂತಾಯಿತು. ಇದನ್ನೇ ಎನ್‌ಐಎಲ್ ಅನ್ನುತ್ತಾರೆ. ಆದರೆ ಯೂನಿವರ್ಸಿಟಿ ತಾನೇ ಕೊಡುವಂತಿರಲಿಲ್ಲ.

ಕೊನೆಯ ಪೆಟ್ಟು ಕೊಟ್ಟದ್ದು ಹೌಸ್ ಕೇಸು. ಹೌಸ್ ಅನ್ನುವ ಆಟಗಾರ ಮತ್ತು ಇತರರು 2020ರಲ್ಲಿ ಎನ್‌ಸಿಎಎ ವಿರುದ್ಧ ಹಾಕಿದ ದಾವೆ ಅದು. 2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಅದರಲ್ಲಿ ಎರಡು ಭಾಗ ಇದೆ. 2016ರಿಂದ 2024ರ ವರೆಗೆ ಆಡಿದವರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಕೊಡಬೇಕು, ಅದೂ ಹತ್ತು ವರ್ಷಗಳ ಕಂತಿನಲ್ಲಿ. ಇನ್ನು ಮುಂದೆ ಆಡುವವರಿಗೆ ಯೂನಿವರ್ಸಿಟಿಗಳು ಆದಾಯದಲ್ಲಿ ಪಾಲು ಕೊಡಬಹುದು. ನಾವು ಇಲ್ಲಿ ಮಾತಾಡುತ್ತಿರುವುದು ಈ ಎರಡನೆಯದರ ಬಗ್ಗೆ.

ಒಂದು ಯೂನಿವರ್ಸಿಟಿ ಎಷ್ಟು ಕೊಡಬಹುದು?

2025–26ರಲ್ಲಿ ಹೆಚ್ಚೆಂದರೆ 2.05 ಕೋಟಿ ಡಾಲರ್. ಒಪ್ಪಂದ ಆದ ಹೊತ್ತಿನ ಲೆಕ್ಕದಲ್ಲಿ ಸುಮಾರು 175 ಕೋಟಿ ರೂಪಾಯಿ. ದೊಡ್ಡ ಕಾನ್ಫರೆನ್ಸ್‌ಗಳ (ಒಟ್ಟಿಗೆ ಲೀಗ್ ಆಡುವ ಗುಂಪುಗಳ) ಯೂನಿವರ್ಸಿಟಿಗಳು ಟಿವಿ, ಟಿಕೆಟ್, ಪ್ರಾಯೋಜಕರಿಂದ ಗಳಿಸುವ ಸರಾಸರಿ ಆದಾಯದ ಶೇ 22ರ ಲೆಕ್ಕದಲ್ಲಿ ಈ ಮೊತ್ತ ಬಂದಿದೆ. ಮುಂದಿನ ವರ್ಷಗಳಲ್ಲಿ ಸುಮಾರು ಶೇ 4ರಂತೆ ಏರುತ್ತದೆ, ನಡುನಡುವೆ ಮರುಲೆಕ್ಕವೂ ಇದೆ. ಒಪ್ಪಂದದ ಹತ್ತು ವರ್ಷದ ಕೊನೆಗೆ 3 ಕೋಟಿ ಡಾಲರ್ ದಾಟುವ ಅಂದಾಜು ಇದೆ.

ಐಪಿಎಲ್ ಟೀಮಿನ ಪರ್ಸ್ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ ಥರ. ಆದರೆ ಐಪಿಎಲ್ ಪರ್ಸ್ ಒಂದು ಕ್ರಿಕೆಟ್ ಟೀಮಿಗೆ. ಇಲ್ಲಿ ಒಂದೇ ಪರ್ಸಿನ ಮುಂದೆ ಫುಟ್‌ಬಾಲ್‌ನಿಂದ ಹಿಡಿದು ದೋಣಿ ಹುಟ್ಟುಹಾಕುವವರ ತನಕ ಎಲ್ಲರೂ ಕೈ ಚಾಚಿ ನಿಂತಿದ್ದಾರೆ. ಜಗಳ ಇರುವುದೇ ಅಲ್ಲಿ.

ಅಷ್ಟನ್ನೂ ಕೊಡಲೇಬೇಕಾ?

ಬೇಡ. ಅದು ಮೇಲಿನ ಮಿತಿ ಮಾತ್ರ. ಕೆಳಗಿನ ಮಿತಿ ಇಲ್ಲ. ಐವಿ ಲೀಗ್‌ನ ಹಾರ್ವರ್ಡ್, ಯೇಲ್‌ಗಳು ಈ ಒಪ್ಪಂದದಿಂದ ಹೊರಗೇ ಉಳಿದವು. ಅವು ಕ್ರೀಡಾ ಸ್ಕಾಲರ್‌ಶಿಪ್ಪನ್ನೂ ಕೊಡುವುದಿಲ್ಲ.

ಯಾವ ಆಟಕ್ಕೆ ಎಷ್ಟು ಅಂತ ಒಪ್ಪಂದದಲ್ಲೇ ಬರೆದಿದೆಯಾ?

ಇಲ್ಲ. ಜನ ತಪ್ಪು ತಿಳಿಯುವುದು ಇಲ್ಲೇ. ಮುಂದಿನ ಹಣದ ಹಂಚಿಕೆಗೆ ಕೋರ್ಟು ಯಾವ ಸೂತ್ರವನ್ನೂ ಹಾಕಿಲ್ಲ. ಪೂರ್ತಿ ಯೂನಿವರ್ಸಿಟಿಗೆ ಬಿಟ್ಟಿದೆ. ಬೇಕಿದ್ದರೆ ಎಲ್ಲವನ್ನೂ ಫುಟ್‌ಬಾಲ್‌ಗೆ ಸುರಿಯಬಹುದು, ಬೇಕಿದ್ದರೆ ಎಲ್ಲರಿಗೂ ಸಮ ಹಂಚಬಹುದು. ಈ ಒಪ್ಪಂದ ಯಾವುದನ್ನೂ ತಡೆಯುವುದಿಲ್ಲ.

ಹಾಗಿದ್ದರೂ ಎಲ್ಲ ಕಡೆ ಒಂದೇ ಸಂಖ್ಯೆ ಕೇಳಿಬರುತ್ತದೆ: 75–15–5–5. ಫುಟ್‌ಬಾಲ್‌ಗೆ ಶೇ 75, ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ 15, ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ 5, ಉಳಿದೆಲ್ಲದಕ್ಕೂ ಸೇರಿ 5. ಫುಟ್‌ಬಾಲ್ ಅಂದರೆ ಇಲ್ಲಿ ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಫುಟ್‌ಬಾಲ್.

ಈ ಸಂಖ್ಯೆ ಬಂದದ್ದು ಹಳೆಯ ಆಟಗಾರರ ಪರಿಹಾರದ ಲೆಕ್ಕದಿಂದ. ಯಾವ ಆಟದವರು ಎಷ್ಟು ಕಳೆದುಕೊಂಡರು ಅಂತ ಅಂದಾಜು ಹಾಕುವಾಗ ಟಿವಿ ದುಡ್ಡು ಎಲ್ಲಿಂದ ಬಂತು ಅಂತ ನೋಡಿದರು. ಹಳೆಯ ನಷ್ಟದ ಲೆಕ್ಕಕ್ಕೆ ಮಾಡಿದ ಕೋಷ್ಟಕ ಅದು. ಯೂನಿವರ್ಸಿಟಿಗಳು ಅದನ್ನೇ ಎತ್ತಿ ಮುಂದಿನ ಬಜೆಟ್ಟಿಗೆ ಅಂಟಿಸಿಕೊಂಡವು. ಯಾರಾದರೂ ಪ್ರಶ್ನಿಸಿದರೆ "ಕೋರ್ಟಿನಲ್ಲೇ ಒಪ್ಪಿದ ಲೆಕ್ಕ" ಅಂತ ಕೈ ತೋರಿಸಬಹುದಲ್ಲ. ನಮ್ಮ ದೃಷ್ಟಿಯಲ್ಲಿ ಇದು ನಿರ್ಧಾರ ತೆಗೆದುಕೊಳ್ಳದೆ ತೆಗೆದುಕೊಂಡ ಹಾಗೆ ತೋರಿಸುವ ಜಾಣತನ.

ಲೆಕ್ಕ ಹಾಕಿ ತೋರಿಸಿ, ಒಬ್ಬರ ಕೈಗೆ ಎಷ್ಟು ಬರುತ್ತದೆ?

ಮೊದಲು 2.05 ಕೋಟಿಯಿಂದ ಒಂದಿಷ್ಟು ಕಳೆಯಬೇಕು. ಪ್ರತಿ ಆಟಕ್ಕೂ ಮೊದಲಿದ್ದ ಮಿತಿಗಿಂತ ಜಾಸ್ತಿ ಸ್ಕಾಲರ್‌ಶಿಪ್ ಕೊಟ್ಟರೆ ಅದರಲ್ಲಿ 25 ಲಕ್ಷ ಡಾಲರ್ ವರೆಗಿನ ಮೊತ್ತ ಈ ಮಿತಿಯೊಳಗೇ ಸೇರುತ್ತದೆ. ಓದಿನ ಸಾಧನೆಗೆ ವರ್ಷಕ್ಕೆ 5,980 ಡಾಲರ್ ವರೆಗೆ ಕೊಡುವ ಆಲ್ಸ್‌ಟನ್ ಹಣವೂ (ಮೇಲೆ ಹೇಳಿದ ಕೇಸಿನಿಂದ ಬಂದದ್ದು) ಹಾಗೆಯೇ, ಅದಕ್ಕೂ 25 ಲಕ್ಷದ ಮಿತಿ. ಬಹಳ ಕಡೆ ಸ್ಕಾಲರ್‌ಶಿಪ್ ಭಾಗವನ್ನು ಕಳೆದು 1.8 ಕೋಟಿ ಡಾಲರ್ ನಗದು ಉಳಿಯುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ.

ಆ 1.8 ಕೋಟಿಯನ್ನು 75–15–5–5 ಮಾಡಿ. ಫುಟ್‌ಬಾಲ್‌ಗೆ 1.35 ಕೋಟಿ. ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ 27 ಲಕ್ಷ. ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ 9 ಲಕ್ಷ. ಉಳಿದವರಿಗೆಲ್ಲ ಇನ್ನೊಂದು 9 ಲಕ್ಷ. ಜಾರ್ಜಿಯಾ ಯೂನಿವರ್ಸಿಟಿ ಹಾಕಿಕೊಂಡ ಯೋಜನೆ ಹೆಚ್ಚುಕಡಿಮೆ ಇದೇ.

ಈಗ ತಲೆಗೆ ಹಂಚಿ. ಫುಟ್‌ಬಾಲ್ ಟೀಮಿನಲ್ಲಿ 105 ಜನ ಇರಬಹುದು. ಸರಾಸರಿ ಸುಮಾರು 1,28,500 ಡಾಲರ್. ಬ್ಯಾಸ್ಕೆಟ್‌ಬಾಲ್ ಟೀಮಿಗೆ 15 ಜನರ ಮಿತಿ. ಹುಡುಗರಿಗೆ ಸರಾಸರಿ 1,80,000, ಹುಡುಗಿಯರಿಗೆ 60,000. ಉಳಿದ ಆಟಗಳಲ್ಲಿ ಒಟ್ಟು 400 ಜನ ಇದ್ದಾರೆ ಅಂದುಕೊಳ್ಳಿ. ಒಬ್ಬರಿಗೆ 2,250 ಡಾಲರ್. ಒಂದೇ ಜಿಮ್ಮಿನಲ್ಲಿ ಬೆವರು ಸುರಿಸುವ ಇಬ್ಬರ ನಡುವೆ ಇಷ್ಟು ಅಂತರ.

ಇದೂ ಬರೀ ಸರಾಸರಿ. ನಿಜದಲ್ಲಿ ಯಾರೂ ಹೀಗೆ ಸಮವಾಗಿ ಹಂಚುವುದಿಲ್ಲ. ಫುಟ್‌ಬಾಲ್‌ನಲ್ಲಿ ಟೀಮಿನ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಸಾಮಾನ್ಯವಾಗಿ ಎಲ್ಲರಿಗಿಂತ ಜಾಸ್ತಿ ಪಡೆಯುತ್ತಾನೆ. ಬೆಂಚಿನ ಕೊನೆಯಲ್ಲಿ ಕೂತವನಿಗೆ ಏನೂ ಸಿಗದೆಯೂ ಇರಬಹುದು.

ಎಲ್ಲ ಯೂನಿವರ್ಸಿಟಿಗಳೂ ಹೀಗೇನಾ?

ಅಲ್ಲ. ಟೆಕ್ಸಸ್ ಟೆಕ್ ಫುಟ್‌ಬಾಲ್‌ಗೆ ಸುಮಾರು ಶೇ 74, ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ 17–18 ಅಂತ ಹೇಳಿತು. ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ಅಲ್ಲಿ ಸಿಕ್ಕಿದ್ದು ಶೇ 2ರಷ್ಟು. ಬೇಸ್‌ಬಾಲ್‌ಗೂ ಹೆಚ್ಚುಕಡಿಮೆ ಅಷ್ಟೇ.

ಒಹಾಯೊ ಸ್ಟೇಟ್‌ನದು ಇನ್ನೊಂದು ದಾರಿ. ಅಲ್ಲಿ 36 ಕ್ರೀಡೆಗಳಿವೆ. ನಗದು ಪಾಲು ಅಂತ ಶುರುವಿನಲ್ಲಿ ಹೇಳಿದ್ದು ನಾಲ್ಕಕ್ಕೆ ಮಾತ್ರ: ಫುಟ್‌ಬಾಲ್, ಪುರುಷರ ಮತ್ತು ಮಹಿಳೆಯರ ಬ್ಯಾಸ್ಕೆಟ್‌ಬಾಲ್, ಮಹಿಳಾ ವಾಲಿಬಾಲ್. ಮಿಕ್ಕ 32 ಆಟಗಳ ಕಡೆಗೆ ಹರಿಯುವುದು ಸ್ಕಾಲರ್‌ಶಿಪ್.

ಕೆಲವು ಕಡೆ ಲೆಕ್ಕ ತಲೆಕೆಳಗಾಗುತ್ತದೆ. ಮಾರ್ಕ್ವೆಟ್, ಸೇಂಟ್ ಜಾನ್ಸ್, ಗೊನ್ಜಾಗಾದಂಥ ಕಡೆ ಫುಟ್‌ಬಾಲ್ ಟೀಮೇ ಇಲ್ಲ. ಅಲ್ಲಿ ಬ್ಯಾಸ್ಕೆಟ್‌ಬಾಲೇ ರಾಜ. ಒಟ್ಟು ಹಣ ಚಿಕ್ಕದಿದ್ದರೂ 105 ಜನರ ಬಾಯಿ ತುಂಬಿಸುವ ಕಷ್ಟ ಇಲ್ಲ. ಹಾಗಾಗಿ ಬ್ಯಾಸ್ಕೆಟ್‌ಬಾಲ್ ಆಟಗಾರರ ಬೆನ್ನು ಹತ್ತುವಾಗ ದೊಡ್ಡ ಫುಟ್‌ಬಾಲ್ ಯೂನಿವರ್ಸಿಟಿಗಳಿಗೂ ಇವು ಪೈಪೋಟಿ ಕೊಡುತ್ತವೆ.

ಪಾಲು ಯಾರು ನಿರ್ಧರಿಸುತ್ತಾರೆ?

ಆಟಗಳ ನಡುವಿನ ಹಂಚಿಕೆ ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಕ್ರೀಡಾ ವಿಭಾಗದ ಮುಖ್ಯಸ್ಥರ ಕೈಯಲ್ಲಿ. ಮೇಲೆ ಯೂನಿವರ್ಸಿಟಿ ಅಧ್ಯಕ್ಷರು, ಆಡಳಿತ ಮಂಡಳಿ ಇರುತ್ತಾರೆ. ದೊಡ್ಡ ದಾನಿಗಳ ಫೋನ್ ಕರೆಗಳೂ ಇರುತ್ತವೆ, ಅದನ್ನು ಯಾರೂ ಬರೆದಿಡುವುದಿಲ್ಲ.

ಟೀಮಿನ ಒಳಗಿನ ಹಂಚಿಕೆ ಕೋಚ್‌ಗೆ ಸೇರಿದ್ದು. ಈಗೀಗ ಅದಕ್ಕೆಂದೇ ಜನರಲ್ ಮ್ಯಾನೇಜರ್ ಅನ್ನುವ ಹುದ್ದೆ ಬಂದಿದೆ. ಸ್ಟ್ಯಾನ್‌ಫೋರ್ಡ್ 2024ರ ಕೊನೆಯಲ್ಲಿ ತನ್ನ ಹಳೆಯ ಕ್ವಾರ್ಟರ್‌ಬ್ಯಾಕ್ ಆ್ಯಂಡ್ರೂ ಲಕ್ ಅವರನ್ನೇ ಕರೆತಂದಿತು. ಆಟಗಾರರ ಪರವಾಗಿ ಮಾತಾಡಲು ಏಜೆಂಟರು ಬಂದಿದ್ದಾರೆ. ಆಟಗಾರರ ಒಪ್ಪಂದದಲ್ಲಿ, ಮಧ್ಯೆ ಬಿಟ್ಟು ಹೋದರೆ ಹಣ ಕಟ್ಟಬೇಕು ಅನ್ನುವ ಷರತ್ತೂ ಇರುತ್ತದೆ.

ಎಲ್ಲರಿಗೂ ಸಮ ಹಂಚಿದರೆ ಏನಾಗುತ್ತದೆ?

600 ಆಟಗಾರರಿರುವ ಯೂನಿವರ್ಸಿಟಿಯಲ್ಲಿ 1.8 ಕೋಟಿಯನ್ನು ಸಮ ಹಂಚಿದರೆ ಒಬ್ಬರಿಗೆ 30,000 ಡಾಲರ್. ಕೇಳಲು ಚೆನ್ನಾಗಿದೆ.

ಅಥ್ಲೆಟಿಕ್ ಡೈರೆಕ್ಟರ್‌ಗಳು ಕೊಡುವ ಉತ್ತರ ಹೀಗಿದೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ 30,000ಕ್ಕೆ ನಿಲ್ಲುವುದಿಲ್ಲ. ಟ್ರಾನ್ಸ್‌ಫರ್ ಪೋರ್ಟಲ್ (ಯೂನಿವರ್ಸಿಟಿ ಬದಲಿಸಲು ಹೆಸರು ಕೊಡುವ ವ್ಯವಸ್ಥೆ) ತೆರೆದ ತಕ್ಷಣ ಪಕ್ಕದ ರಾಜ್ಯಕ್ಕೆ ಹೋಗುತ್ತಾನೆ. ಟೀಮ್ ಸೋಲುತ್ತದೆ. ಸ್ಟೇಡಿಯಂ ಖಾಲಿ ಆಗುತ್ತದೆ. ಕೊನೆಗೆ ಈಜಿನ ಟೀಮಿಗೆ ಪೂಲ್ ನೀರು ಬಿಸಿ ಮಾಡಲೂ ದುಡ್ಡು ಇರುವುದಿಲ್ಲ.

ಈ ವಾದದಲ್ಲಿ ಹುರುಳಿದೆ, ಆದರೆ ಪೂರ್ತಿ ನಂಬಬೇಡಿ. ಟೆಕ್ಸಸ್ ಎ ಆ್ಯಂಡ್ ಎಂ 2023ರಲ್ಲಿ ಫುಟ್‌ಬಾಲ್ ಕೋಚ್ ಜಿಂಬೊ ಫಿಷರ್ ಅವರನ್ನು ತೆಗೆದುಹಾಕಿತು. ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರಿಗೂ ಜಾಸ್ತಿ. ಇಡೀ ಯೂನಿವರ್ಸಿಟಿಯ ಆಟಗಾರರಿಗೆ ಈಗಿರುವ ಮಿತಿಯ ಮೂರೂವರೆ ವರ್ಷದ ಮೊತ್ತಕ್ಕಿಂತ ಹೆಚ್ಚು, ಅದೂ ಕೆಲಸ ಮಾಡದೆ ಇರುವುದಕ್ಕೆ! ಆಗ ಹುಟ್ಟಿದ ದುಡ್ಡು ಈಜಿನ ಹುಡುಗರ ಮಾತು ಬಂದಾಗ ಯಾಕೆ ಬತ್ತುತ್ತದೆ?

ಹುಡುಗಿಯರಿಗೆ ಇಷ್ಟು ಕಮ್ಮಿ ಕೊಡುವುದು ಕಾನೂನು ಪ್ರಕಾರ ಸರೀನಾ?

ಸದ್ಯಕ್ಕೆ ಯಾರೂ ಗಟ್ಟಿಯಾಗಿ ಹೇಳಲಾರರು. ಇಡೀ ವಿಷಯದಲ್ಲಿ ಅತಿ ದೊಡ್ಡ ತೂಗುಗತ್ತಿ ಇದೇ.

1972ರ ಟೈಟಲ್ ನೈನ್ ಕಾನೂನು ಇದೆ. ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆ ಗಂಡು ಹೆಣ್ಣು ಅಂತ ಭೇದ ಮಾಡುವಂತಿಲ್ಲ. ಕ್ರೀಡಾ ಸ್ಕಾಲರ್‌ಶಿಪ್ ಹಣ ಆಟಗಾರರ ಸಂಖ್ಯೆಗೆ ತಕ್ಕ ಪ್ರಮಾಣದಲ್ಲಿ ಇಬ್ಬರಿಗೂ ಹೋಗಬೇಕು. ಹಾಗಾದರೆ ಈ ಹೊಸ ಪಾಲು ಸ್ಕಾಲರ್‌ಶಿಪ್ ಥರಾನಾ, ಅಥವಾ ಮಾರುಕಟ್ಟೆಯ ವ್ಯವಹಾರಾನಾ?

ಬೈಡನ್ ಸರ್ಕಾರ ಇಳಿಯುವ ಕೆಲವೇ ದಿನ ಮೊದಲು, 2025ರ ಜನವರಿ 16ರಂದು, ಶಿಕ್ಷಣ ಇಲಾಖೆ ಒಂದು ಟಿಪ್ಪಣಿ ಹೊರಡಿಸಿತು. ಈ ಹಣಕ್ಕೂ ಟೈಟಲ್ ನೈನ್ ಅನ್ವಯಿಸುತ್ತದೆ ಅನ್ನುವುದು ಅದರ ಸಾರ. ಟ್ರಂಪ್ ಸರ್ಕಾರ ಫೆಬ್ರುವರಿಯಲ್ಲೇ ಅದನ್ನು ಹಿಂದಕ್ಕೆ ಪಡೆಯಿತು. ಒಂದು ತಿಂಗಳೊಳಗೆ ಎರಡು ಉತ್ತರ.

ನ್ಯಾಯಾಧೀಶೆ ವಿಲ್ಕೆನ್ ಮುಂದೆಯೂ ಈ ಆಕ್ಷೇಪ ಬಂತು. ತಮ್ಮ ಮುಂದಿರುವುದು ಪೈಪೋಟಿ ಕಾನೂನಿನ ಕೇಸು ಅನ್ನುವ ನೆಲೆಯಲ್ಲಿ ಅವರು ಅದನ್ನು ಒಪ್ಪಲಿಲ್ಲ. ಜೂನ್‌ನಲ್ಲಿ ಎಂಟು ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಹಾಕಿದರು. ಹಳೆಯ ಆಟಗಾರರ ಪರಿಹಾರದಲ್ಲಿ ನೂರಕ್ಕೆ ತೊಂಬತ್ತು ಭಾಗ ಗಂಡಸರ ಎರಡು ಆಟಕ್ಕೆ ಹೋಗುತ್ತದೆ ಅನ್ನುವುದು ಅವರ ತಕರಾರು. ಅದರಿಂದ ಪರಿಹಾರದ ಪಾವತಿ ನಿಂತಿತು. ಮುಂದಿನ ಪಾಲು ಮಾತ್ರ ಜುಲೈನಿಂದ ಹರಿಯತೊಡಗಿತು.

ನಾಳೆ ಯಾವುದಾದರೂ ಕೋರ್ಟು ಟೈಟಲ್ ನೈನ್ ಅನ್ವಯಿಸುತ್ತದೆ ಅಂದರೆ 75–15–5–5 ಲೆಕ್ಕ ನಿಲ್ಲುವುದು ಕಷ್ಟ.

ಇನ್ನೊಂದು ಮಾತು. ಹುಡುಗಿಯರ ಆಟಕ್ಕೆ ಜನ ಬರುವುದಿಲ್ಲ ಅನ್ನುವವರು ನೆಬ್ರಾಸ್ಕಾ ಕಡೆ ನೋಡಬೇಕು. 2023ರ ಆಗಸ್ಟ್ 30ರಂದು ಅಲ್ಲಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮಹಿಳಾ ವಾಲಿಬಾಲ್ ಪಂದ್ಯ ನಡೆಯಿತು. ನೋಡಲು ಬಂದವರು 92,003 ಜನ.

ಈಜು, ಓಟ, ಟೆನಿಸ್‌ನವರಿಗೆ ಏನೂ ಲಾಭ ಇಲ್ವಾ?

ನಗದು ಕಮ್ಮಿ, ಸ್ಕಾಲರ್‌ಶಿಪ್ ಜಾಸ್ತಿ ಆಗಬಹುದು. ಮೊದಲು ಪ್ರತಿ ಆಟಕ್ಕೂ ಸ್ಕಾಲರ್‌ಶಿಪ್ ಮಿತಿ ಇತ್ತು. ಬೇಸ್‌ಬಾಲ್‌ಗೆ 11.7 ಸ್ಕಾಲರ್‌ಶಿಪ್ ಮಾತ್ರ, ಅದನ್ನೇ ಚೂರು ಚೂರು ಮಾಡಿ ಇಡೀ ಟೀಮಿಗೆ ಹಂಚುತ್ತಿದ್ದರು. ಈಗ ಆ ಮಿತಿ ಹೋಗಿದೆ. ಟೀಮಿನಲ್ಲಿ ಎಷ್ಟು ಜನ ಇರಬಹುದು ಅನ್ನುವ ಮಿತಿ ಬಂದಿದೆ. ಬೇಸ್‌ಬಾಲ್‌ಗೆ 34, ಸಾಫ್ಟ್‌ಬಾಲ್‌ಗೆ 25. ಯೂನಿವರ್ಸಿಟಿ ಮನಸ್ಸು ಮಾಡಿದರೆ 34 ಜನಕ್ಕೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು.

ಹೊಡೆತ ಬಿದ್ದದ್ದು ಟೀಮಿನ ಅಂಚಿನಲ್ಲಿದ್ದವರಿಗೆ. ಸ್ಕಾಲರ್‌ಶಿಪ್ ಇಲ್ಲದೆ, ಆಟದ ಆಸೆಗೆ ಟೀಮಿನಲ್ಲಿ ಇರುತ್ತಿದ್ದ ಹುಡುಗ ಹುಡುಗಿಯರಿಗೆ ಜಾಗ ಇಲ್ಲವಾಯಿತು. ಒಪ್ಪಂದ ಜಾರಿಯಾಗುವ ಮೊದಲೇ ಹಲವರನ್ನು ಟೀಮಿನಿಂದ ತೆಗೆದಿದ್ದರು. ಅಂಥವರಿಗೆ ರಕ್ಷಣೆ ಕೊಡದೆ ಒಪ್ಪಿಗೆ ಇಲ್ಲ ಅಂತ ನ್ಯಾಯಾಧೀಶೆ ಪಟ್ಟು ಹಿಡಿದರು. ಹಾಗಾಗಿ ಅವರನ್ನು ಮಿತಿಯ ಲೆಕ್ಕಕ್ಕೆ ಸೇರಿಸದೆ ಉಳಿಸಿಕೊಳ್ಳಬಹುದು ಅಂತಾಯಿತು. ಉಳಿಸಿಕೊಳ್ಳಲೇಬೇಕು ಅಂತ ಅಲ್ಲ.

ಕೆಲವು ಕಡೆ ಟೀಮೇ ಹೋಯಿತು. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ 2025ರ ಮಾರ್ಚ್‌ನಲ್ಲಿ ಈಜು ಮತ್ತು ಡೈವಿಂಗ್ ವಿಭಾಗವನ್ನೇ ಮುಚ್ಚಿತು. ಕೊಟ್ಟ ಕಾರಣಗಳಲ್ಲಿ ಹೌಸ್ ಒಪ್ಪಂದವೂ ಒಂದು. ಈ ಕೇಸಿಗೆ ಹೆಸರು ಬಂದದ್ದು ಗ್ರಾಂಟ್ ಹೌಸ್ ಅನ್ನುವ ಆಟಗಾರನಿಂದ. ಆತ ಅರಿಜೋನಾ ಸ್ಟೇಟ್‌ನ ಈಜುಗಾರ.

ಹೊರಗಿನ ಕಂಪನಿಗಳು ಕೊಡುವ ಹಣವೂ ಈ ಮಿತಿಯಲ್ಲಿ ಸೇರುತ್ತದಾ?

ಸೇರುವುದಿಲ್ಲ. ಶೂ ಕಂಪನಿ, ಊರಿನ ಕಾರ್ ಷೋರೂಂ ಕೊಡುವುದು ಬೇರೆ ಲೆಕ್ಕ. ಆದರೆ 600 ಡಾಲರ್ ಮತ್ತು ಅದಕ್ಕೂ ಮೇಲಿನ ಒಪ್ಪಂದಗಳನ್ನು ಎನ್‌ಐಎಲ್ ಗೋ ಅನ್ನುವ ವ್ಯವಸ್ಥೆಗೆ ತಿಳಿಸಬೇಕು. ನಿಜವಾದ ವ್ಯಾಪಾರಾನಾ, ಅಥವಾ ಅಭಿಮಾನಿಗಳು ಸುಮ್ನೆ ಸಂಬಳ ತುಂಬಿಸುತ್ತಿದ್ದಾರಾ ಅಂತ ನೋಡುತ್ತಾರೆ. ಮೇಲ್ವಿಚಾರಣೆ ಕಾಲೇಜ್ ಸ್ಪೋರ್ಟ್ಸ್ ಕಮಿಷನ್‌ನದು.

ಚಿಕ್ಕ ಆಟಗಳ ತಾರೆಯರಿಗೆ ಈ ದಾರಿಯೇ ಮುಖ್ಯ. ಟೆಕ್ಸಸ್ ಟೆಕ್‌ನ ಸಾಫ್ಟ್‌ಬಾಲ್ ಪಿಚರ್ ನಿಜಾರಿ ಕೆನಡಿ 2024ರಲ್ಲಿ 10 ಲಕ್ಷ ಡಾಲರಿಗೂ ಮೀರಿದ ಒಪ್ಪಂದ ಮಾಡಿಕೊಂಡರು. ಅದು ಯೂನಿವರ್ಸಿಟಿಯ ಪಾಲಿನಿಂದ ಬಂದದ್ದಲ್ಲ, ಅಭಿಮಾನಿಗಳ ಹಣದಿಂದ. ಮುಂದಿನ ವರ್ಷ ಟೀಮ್ ರಾಷ್ಟ್ರೀಯ ಫೈನಲ್ ತನಕ ಹೋಯಿತು.

ಯೂನಿವರ್ಸಿಟಿಗಳು ಈ ಹೊಸ ಖರ್ಚನ್ನು ಹೇಗೆ ಹೊಂದಿಸುತ್ತಿವೆ?

ನೋಡುವವರ ಜೇಬಿನಿಂದ, ಇನ್ನೇನು. ಟೆನ್ನೆಸ್ಸೀ 2025ರ ಫುಟ್‌ಬಾಲ್ ಟಿಕೆಟ್ ಮೇಲೆ ಶೇ 10ರ "ಟ್ಯಾಲೆಂಟ್ ಫೀ" ಹಾಕಿತು. ಕೆಲವರು ಸಿಬ್ಬಂದಿ ಕಡಿಮೆ ಮಾಡಿದರು, ದಾನಿಗಳ ಬಾಗಿಲು ತಟ್ಟಿದರು. ಪೆನ್ಸಿಲ್ವೇನಿಯಾದ ಪುಟ್ಟ ಸೇಂಟ್ ಫ್ರಾನ್ಸಿಸ್ ಯೂನಿವರ್ಸಿಟಿ 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಟೂರ್ನಿ ಆಡಿತು. ಅದೇ ತಿಂಗಳು, ಈ ಓಟ ನಮಗೆ ಬೇಡ ಅಂತ ಎನ್‌ಸಿಎಎಯ ಮೂರನೇ ಡಿವಿಷನ್‌ಗೆ ಇಳಿಯುವುದಾಗಿ ಹೇಳಿತು. ಮೂರನೇ ಡಿವಿಷನ್‌ನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ.

ಈ ಹಣಕ್ಕೆ ತೆರಿಗೆ ಇದೆಯಾ?

ಇದೆ. ಸಾಮಾನ್ಯವಾಗಿ ಇವರನ್ನು ನೌಕರರು ಅಂತ ಪರಿಗಣಿಸುವುದಿಲ್ಲ, ಸ್ವತಂತ್ರ ಗುತ್ತಿಗೆದಾರರ ಹಾಗೆ ನೋಡುತ್ತಾರೆ. ಆದ್ದರಿಂದ ತೆರಿಗೆ ಮುಂಚೆಯೇ ಕಡಿತವಾಗಿ ಬರುವುದಿಲ್ಲ, ತಾವೇ ಕಟ್ಟಬೇಕು. ಹದಿನೆಂಟರ ಹುಡುಗ ಮೊದಲ ವರ್ಷ ಎಡವುವುದು ಇಲ್ಲೇ. ಟೆಕ್ಸಸ್, ಫ್ಲಾರಿಡಾ, ಟೆನ್ನೆಸ್ಸೀಯಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಆಟಗಾರರನ್ನು ಸೆಳೆಯುವಾಗ ಆ ಯೂನಿವರ್ಸಿಟಿಗಳಿಗೆ ಇದೂ ಒಂದು ಅನುಕೂಲ.

ಭಾರತದಿಂದ ಎಫ್-1 ವೀಸಾದಲ್ಲಿ ಹೋದವರಿಗೆ ಪಾಲು ಸಿಗುತ್ತದಾ?

ಹುಷಾರಾಗಿರಬೇಕಾದ ಜಾಗ ಇದು. ಎಫ್-1 ವಿದ್ಯಾರ್ಥಿಗಳ ದುಡಿಮೆಗೆ ಕಟ್ಟುನಿಟ್ಟು ಇದೆ. ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ, ಅಷ್ಟೇ. ಆದಾಯದ ಪಾಲು ದುಡಿಮೆಯಾ ಅಲ್ಲವಾ ಅನ್ನುವ ಬಗ್ಗೆ ವಕೀಲರಲ್ಲೇ ಒಮ್ಮತ ಇಲ್ಲ. ತಪ್ಪಾದರೆ ಹೋಗುವುದು ವೀಸಾ. ಯಾವುದಕ್ಕಾದರೂ ಸಹಿ ಹಾಕುವ ಮೊದಲು ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿ, ಜೊತೆಗೆ ವಲಸೆ ವಕೀಲರು, ಇಬ್ಬರನ್ನೂ ಕೇಳಿ. ಕೋಚ್ ಮಾತು ಸಾಲದು.

ಸ್ಕಾಲರ್‌ಶಿಪ್ಪಿಗೆ ಈ ತೊಡಕಿಲ್ಲ. ವರ್ಜೀನಿಯಾದಲ್ಲಿ ಆಡಿ 2007 ಮತ್ತು 2008ರಲ್ಲಿ ಎನ್‌ಸಿಎಎ ಟೆನಿಸ್ ಸಿಂಗಲ್ಸ್ ಗೆದ್ದ ಸೋಮದೇವ್ ದೇವವರ್ಮನ್, ಕಾನ್ಸಸ್ ಸ್ಟೇಟ್‌ನಿಂದ 2018 ಮತ್ತು 2022ರಲ್ಲಿ ಎತ್ತರ ಜಿಗಿತ ಗೆದ್ದ ತೇಜಸ್ವಿನ್ ಶಂಕರ್ ಇಬ್ಬರೂ ಈ ಪಾಲಿನ ಕಾಲಕ್ಕೆ ಮೊದಲೇ ಆಡಿದವರು. ಇವತ್ತು ಹೋಗುವವರಿಗೂ ಅವರ ಆಟಗಳಲ್ಲಿ ಮುಖ್ಯ ಸ್ಕಾಲರ್‌ಶಿಪ್ಪೇ.

ಯಾವ ಟೀಮಿಗೆ ಎಷ್ಟು ಅನ್ನುವ ಲೆಕ್ಕ ಎಲ್ಲಿ ಸಿಗುತ್ತದೆ?

ಬಹಳ ಕಡೆ ಸಿಗುವುದಿಲ್ಲ. ಎದುರಾಳಿಗಳಿಗೆ ಗುಟ್ಟು ಗೊತ್ತಾಗುತ್ತದೆ ಅಂತ ಸರ್ಕಾರಿ ಯೂನಿವರ್ಸಿಟಿಗಳೂ ಬಾಯಿ ಬಿಡುವುದಿಲ್ಲ. ಒಬ್ಬೊಬ್ಬ ಆಟಗಾರನ ಒಪ್ಪಂದ ಗುಟ್ಟಾಗಿರಲಿ, ಅರ್ಥ ಆಗುತ್ತದೆ. ಆಟಗಳ ನಡುವಿನ ಶೇಕಡಾವಾರು ಪಾಲನ್ನು ಮುಚ್ಚಿಡುವುದಕ್ಕೆ ಸರಿಯಾದ ಕಾರಣ ನಮಗಂತೂ ಕಾಣುವುದಿಲ್ಲ. ಜಾರ್ಜಿಯಾ, ಟೆಕ್ಸಸ್ ಟೆಕ್ ಹೇಳಿಕೊಂಡವು, ಅವಕ್ಕೇನೂ ಆಕಾಶ ಕಳಚಿ ಬೀಳಲಿಲ್ಲ.

ಮಗ ಅಥವಾ ಮಗಳನ್ನು ಕೋಚ್ ಕರೆಯುತ್ತಿದ್ದಾರೆ. ಏನು ಕೇಳಬೇಕು?

ಮೊದಲು, ನಿಮ್ಮ ಆಟಕ್ಕೆ ಈ ಮಿತಿಯೊಳಗಿನ ಹಣದಲ್ಲಿ ಪಾಲು ಇದೆಯಾ ಅಂತ ನೇರವಾಗಿ ಕೇಳಿ. ಇದೆ ಅಂದರೆ ನಗದಾ, ಸ್ಕಾಲರ್‌ಶಿಪ್ಪಾ? ಸ್ಕಾಲರ್‌ಶಿಪ್ ಆದರೆ ಒಂದು ವರ್ಷಕ್ಕಾ, ನಾಲ್ಕು ವರ್ಷಕ್ಕಾ? ಗಾಯವಾದರೆ ಏನಾಗುತ್ತದೆ? ಟೀಮಿನ ಜನಮಿತಿ ಎಷ್ಟು, ಈಗ ಎಷ್ಟು ಜನ ಇದ್ದಾರೆ? ಇದನ್ನು ಬಹಳ ಅಪ್ಪ ಅಮ್ಮಂದಿರು ಕೇಳುವುದೇ ಇಲ್ಲ. ಬಿಟ್ಟು ಹೋದರೆ ಹಣ ವಾಪಸ್ ಕಟ್ಟಬೇಕಾ ಅಂತಲೂ ವಿಚಾರಿಸಿ.

ಕೊನೆಯದಾಗಿ, ಹತ್ತು ವರ್ಷದಲ್ಲಿ ಆ ಯೂನಿವರ್ಸಿಟಿ ಯಾವ ಯಾವ ಆಟಗಳನ್ನು ಮುಚ್ಚಿದೆ ಅಂತ ಹಳೆಯ ಸುದ್ದಿಗಳಲ್ಲಿ ಹುಡುಕಿ. ಎಲ್ಲ ಉತ್ತರವನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕೋಚ್‌ಗಳು ಕೆಲಸ ಬದಲಿಸುತ್ತಿರುತ್ತಾರೆ, ಬಾಯಿ ಮಾತೂ ಅವರ ಜೊತೆಗೇ ಹೋಗುತ್ತದೆ.